ಏಳೂ ದಿನ ಮಳೆ ತೋರಿಸುತ್ತಿದೆ, ಶೇಂಗಾ ಕೀಳಲೋ ಬೇಡವೋ? ಮೋಡ ನೋಡಿ ತಿಳಿಯೋದು ಹೇಗೆ?

ಪರಶುರಾಂಪುರ_ಹೊಲ:

ಎಲ್ಲರಿಗೂ ನಮಸ್ಕಾರ. ನಮ್ಮದು ಚಳ್ಳಕೆರೆ ತಾಲ್ಲೂಕು, ಪರಶುರಾಂಪುರ ಹೋಬಳಿ. ನಾಲ್ಕು ಎಕರೆ ಶೇಂಗಾ ಇದೆ, ಟಿಎಂವಿ-2 ತಳಿ. ಜುಲೈ ಮೊದಲ ವಾರ ಬಿತ್ತಿದ್ದು, ಈಗ ನೂರು ದಿನ ದಾಟಿದೆ. ಕೆಳಗಿನ ಎಲೆ ಹಳದಿಯಾಗಿ ಉದುರುತ್ತಿವೆ. ನಿನ್ನೆ ನಾಲ್ಕು ಗಿಡ ಕಿತ್ತು ಕಾಯಿ ಒಡೆದು ನೋಡಿದೆ, ಸಿಪ್ಪೆಯ ಒಳಭಾಗ ಕಪ್ಪಾಗಿದೆ. ಕೀಳುವ ಹೊತ್ತು ಬಂದಿದೆ, ಅದರಲ್ಲಿ ಅನುಮಾನ ಇಲ್ಲ.

ತೊಂದರೆ ಇರುವುದು ಮಳೆಯದು. ಫೋನಿನಲ್ಲಿ ವಾರದ ಹವಾಮಾನ ನೋಡಿದರೆ ಏಳೂ ದಿನಕ್ಕೂ ಮೋಡ, ಮಿಂಚಿನ ಚಿತ್ರ. ಕೆಳಗೆ 40, 55, 60, 35 ಅಂತ ಶೇಕಡಾವಾರು. ಇನ್ನೊಂದು ಆಪ್ ತೆಗೆದರೆ ಬುಧವಾರ, ಗುರುವಾರ ಮಾತ್ರ ಮಳೆ, ಉಳಿದ ದಿನ ಬಿಸಿಲು. ಟಿವಿಯಲ್ಲಿ ದಕ್ಷಿಣ ಒಳನಾಡಿನ ಒಂದೆರಡು ಕಡೆ ಗುಡುಗು ಸಹಿತ ಮಳೆ ಅಂತಾರೆ. ಆ ಒಂದೆರಡು ಕಡೆಯಲ್ಲಿ ನಮ್ಮ ಹೊಲ ಇದೆಯೋ ಇಲ್ಲವೋ, ಅದನ್ನು ಯಾರನ್ನು ಕೇಳಬೇಕು?

ಹೋದ ವರ್ಷ ವಾರ ಪೂರ್ತಿ ಬಿಸಿಲು ಅಂತ ಫೋನ್ ತೋರಿಸಿದ್ದನ್ನು ನಂಬಿ ನಾಲ್ಕೂ ಎಕರೆ ಒಟ್ಟಿಗೆ ಕಿತ್ತು ಹಾಕಿದೆವು. ಐದನೇ ದಿನ ಸಂಜೆ ಮಳೆ ಹಿಡಿಯಿತು, ಮತ್ತೆ ಎರಡು ದಿನ ಬಿಡಲಿಲ್ಲ. ಬಳ್ಳಿ ಕೊಳೆತು ದನಕ್ಕೆ ಮೇವೂ ಆಗಲಿಲ್ಲ, ಅರ್ಧ ಕಾಯಿ ಮೊಳಕೆ ಬಂತು, ಉಳಿದದ್ದು ಕಪ್ಪಾಗಿ ಮಂಡಿಯಲ್ಲಿ ಕೇಳಿದ ರೇಟಿಗೆ ಕೊಟ್ಟು ಬಂದೆ. ಈ ವರ್ಷ ಹಾಗಾಗಬಾರದು.

ಇನ್ನೊಂದು ವಿಷಯ. ಈ ನಾಲ್ಕು ದಿನದಿಂದ ಬೆಳಿಗ್ಗೆ ಬಾನಿನಲ್ಲಿ ತುಂಬಾ ಮೇಲೆ ಹಿಂಜಿದ ಹತ್ತಿಯ ಹಾಗೆ ತೆಳ್ಳಗೆ ಮೋಡ ಇರುತ್ತದೆ. ಹನ್ನೆರಡು ಗಂಟೆಗೆ ಬಿಳಿ ಗುಡ್ಡೆಗಳು ಏಳುತ್ತವೆ. ನಾಲ್ಕು ಗಂಟೆಗೆ ಮೂಡಲ ಕಡೆ ಕಪ್ಪಾಗಿ ತಣ್ಣನೆ ಗಾಳಿ ಬೀಸಿ, ಈಗ ಬಂತು ಅನ್ನುವಷ್ಟರಲ್ಲಿ ಹನಿಯೂ ಬೀಳದೆ ಹೋಗುತ್ತದೆ. ನಮ್ಮಪ್ಪ ಹೊಲದ ಬದುವಿನ ಮೇಲೆ ನಿಂತು ಒಂದು ಸಲ ಮೇಲೆ ನೋಡಿ ಇವತ್ತು ಬರಲ್ಲ, ಕೀಳ್ರಿ ಅನ್ನುತ್ತಿದ್ದರು. ಅವರು ಹೋಗಿ ಮೂರು ವರ್ಷ ಆಯ್ತು, ಏನು ನೋಡುತ್ತಿದ್ದರು ಅಂತ ಕೇಳಿ ಇಟ್ಟುಕೊಳ್ಳಲಿಲ್ಲ ಅನ್ನುವುದು ಈಗ ತುಂಬಾ ಕಾಡುತ್ತಿದೆ. ಯಾವ ಮೋಡಕ್ಕೆ ಹೆದರಬೇಕು, ಯಾವುದಕ್ಕೆ ಬೇಡ, ತಿಳಿದವರು ಹೇಳಿ.

ತೋಟದಮನೆ_ಹಿರಿಯೂರು:

ತಮ್ಮಾ, ಮೋಡದ ವಿಷಯ ತಿಳಿದವರು ಹೇಳಲಿ. ನಾನು ಶೇಂಗಾ ವಿಷಯ ಹೇಳುತ್ತೇನೆ. ನಾಲ್ಕೂ ಎಕರೆ ಒಟ್ಟಿಗೆ ಕೀಳಬೇಡಿ, ಅಷ್ಟೇ. ದಿನಕ್ಕೆ ಒಂದು ಎಕರೆ, ಜಾಸ್ತಿ ಅಂದರೆ ಒಂದೂವರೆ. ಆಳು ಒಂದೇ ದಿನ ಸಿಗುತ್ತಾರೆ ಅಂತ ಎಲ್ಲರೂ ಒಟ್ಟಿಗೆ ಕೀಳಿಸುತ್ತಾರೆ, ಮಳೆ ಬಂದರೆ ಎಲ್ಲವೂ ಒಟ್ಟಿಗೆ ಹೋಗುತ್ತದೆ.

ಟಿಎಂವಿ-2 ಗೊಂಚಲು ಜಾತಿ. ಅದರ ಬೀಜಕ್ಕೆ ನಿದ್ದೆ ಇಲ್ಲ. ಬಲಿತ ಮೇಲೆ ನೀರು ಸಿಕ್ಕರೆ ನೆಲದಲ್ಲೇ ಇರಲಿ, ಕಿತ್ತು ಹಾಕಿರಲಿ, ಮೊಳಕೆ ಬರುತ್ತದೆ. ಹಾಗಂತ ಮಳೆಗೆ ಹೆದರಿ ಹದಿನೈದು ದಿನ ಬಿಟ್ಟರೆ ಕಾಯಿ ಹಿಡಿದ ತೊಟ್ಟು ಸಡಿಲ ಆಗಿ ಕೀಳುವಾಗ ಅರ್ಧ ನೆಲದಲ್ಲೇ ಉಳಿಯುತ್ತದೆ. ಅದರಲ್ಲೂ ನಿಮ್ಮ ಕಡೆ ಕೆಂಪು ನೆಲ, ಒಣಗಿದರೆ ಕಲ್ಲು. ಒಂದು ಸಣ್ಣ ಮಳೆ ಬಂದು ಹದ ಆದರೆ ಕೀಳಲು ಒಳ್ಳೆಯದೇ. ಆಮೇಲೆ ಮೂರು ದಿನ ಬಿಸಿಲು ಬೇಕು. ಕಿತ್ತ ಗಿಡವನ್ನು ಕಾಯಿ ಮೇಲೆ ಬರುವ ಹಾಗೆ ತಿರುಗಿಸಿ ಸಾಲಿನಲ್ಲಿ ಇಡಿಸಿ. ಕಾಯಿ ನೆಲಕ್ಕೆ ತಾಗಿದರೆ ಎಷ್ಟು ಬಿಸಿಲಿದ್ದರೂ ಅಡಿಯಲ್ಲಿ ಒಣಗಲ್ಲ, ಬೂಸ್ಟು ಬರುತ್ತದೆ. ಟಾರ್ಪಾಲು ಮನೆಯಲ್ಲಿ ಇಡಬೇಡಿ, ಹೊಲದಲ್ಲೇ ಇಟ್ಟುಕೊಳ್ಳಿ.

ಬಾನು_ನೋಡುವ_ಮೇಷ್ಟ್ರು:

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಚಿತ್ರದುರ್ಗದಲ್ಲಿ ಭೂಗೋಳ ಹೇಳಿಕೊಡುವವನು, ಮೋಡ ನೋಡುವುದು ಇಪ್ಪತ್ತು ವರ್ಷದ ಅಭ್ಯಾಸ. ಸ್ವಲ್ಪ ಉದ್ದ ಬರೆಯುತ್ತೇನೆ, ಪುರುಸೊತ್ತಿನಲ್ಲಿ ಓದಿ.

ಮೊದಲು ಏಳೂ ದಿನ ಮಳೆ ತೋರಿಸುವುದು ಯಾಕೆ ಅಂತ. ಈಗ ಅಕ್ಟೋಬರ್ ಮಧ್ಯ. ನೈಋತ್ಯ ಮುಂಗಾರು ವಾಪಸ್ ಹೋಗುವ ಕಾಲ, ಹಿಂಗಾರು ಇನ್ನೂ ಗಟ್ಟಿಯಾಗಿ ಹಿಡಿದಿಲ್ಲ. ನೆಲದಲ್ಲಿ ಸೆಪ್ಟೆಂಬರ್ ಮಳೆಯ ತೇವ ಇದೆ, ಮಧ್ಯಾಹ್ನದ ಬಿಸಿಲು ಚುರುಕಾಗಿದೆ, ಬಂಗಾಳ ಕೊಲ್ಲಿ ಕಡೆಯಿಂದ ತೇವದ ಗಾಳಿ ಬರಲು ಶುರುವಾಗಿದೆ. ಇಂಥ ಹೊತ್ತಿನಲ್ಲಿ ಯಾವ ದಿನ ಬೇಕಾದರೂ ಮಧ್ಯಾಹ್ನದ ಮೇಲೆ ಎಲ್ಲೋ ಒಂದು ಕಡೆ ಗುಡುಗಿನ ಮೋಡ ಏಳಬಹುದು. ಕಂಪ್ಯೂಟರಿಗೆ ಅಷ್ಟು ಗೊತ್ತಾಗುತ್ತದೆ. ಎಲ್ಲಿ ಅಂತ ಗೊತ್ತಾಗುವುದಿಲ್ಲ. ಹವಾಮಾನದ ಲೆಕ್ಕ ಹಾಕುವ ಕಂಪ್ಯೂಟರುಗಳು ಭೂಮಿಯನ್ನು ಚೌಕ ಚೌಕ ಮಾಡಿಕೊಂಡಿರುತ್ತವೆ, ಒಂದೊಂದು ಚೌಕ ಒಂಬತ್ತು, ಹನ್ನೆರಡು ಕಿಲೋಮೀಟರು. ನಮ್ಮ ಹವಾಮಾನ ಇಲಾಖೆ 2025ರಲ್ಲಿ ಆರು ಕಿಲೋಮೀಟರಿನ ಚೌಕಕ್ಕೆ ಇಳಿಸಿದೆ. ಆದರೆ ಒಂದು ಗುಡುಗಿನ ಮೋಡದ ಮಳೆ ಬೀಳುವ ಅಗಲವೇ ಕೆಲವು ಕಿಲೋಮೀಟರು. ಬಲೆಯ ಕಣ್ಣಿಗಿಂತ ಮೀನು ಚಿಕ್ಕದು. ಅದಕ್ಕೇ ನಿಮ್ಮ ಫೋನು 55 ಅಂತ ಹೇಳಿ ಸುಮ್ಮನಾಗುತ್ತದೆ. ಇಂಥದ್ದೇ ಗಾಳಿ, ತೇವ, ಬಿಸಿಲು ಇರುವ ನೂರು ದಿನ ತೆಗೆದುಕೊಂಡರೆ ನಿಮ್ಮ ಜಾಗದಲ್ಲಿ ಸುಮಾರು ಐವತ್ತೈದು ದಿನ ಹನಿ ಬೀಳಬಹುದು ಅಂತ ಅದರ ಅರ್ಥ. ಅರ್ಧ ದಿನ ಮಳೆ ಹೊಯ್ಯುತ್ತದೆ ಅಂತ ಅಲ್ಲ, ಜೋರಾಗಿ ಹೊಯ್ಯುತ್ತದೆ ಅಂತಲೂ ಅಲ್ಲ. 2 ಮಿಲಿಮೀಟರ್ ಬಿದ್ದರೂ ಅದರ ಮಾತು ನಿಜವಾದಂತೆಯೇ.

ಟಿವಿಯಲ್ಲಿ ಹೇಳುವ ಒಂದೆರಡು ಕಡೆ ಅನ್ನುವುದಕ್ಕೂ ಲೆಕ್ಕ ಇದೆ, ಬಾಯಿಗೆ ಬಂದ ಮಾತಲ್ಲ. ಆ ಭಾಗದ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ ಇಪ್ಪತ್ತೈದರವರೆಗೆ ಮಳೆ ಬಿದ್ದರೆ ಒಂದೆರಡು ಕಡೆ. ಐವತ್ತರವರೆಗೆ ಕೆಲವು ಕಡೆ. ಎಪ್ಪತ್ತೈದರವರೆಗೆ ಹಲವು ಕಡೆ. ಅದರ ಮೇಲೆ ಹೋದರೆ ಬಹುತೇಕ ಎಲ್ಲ ಕಡೆ. ಹಾಗೆಯೇ ಭಾರಿ ಮಳೆ ಅಂದರೆ ಇಪ್ಪತ್ತನಾಲ್ಕು ಗಂಟೆಯಲ್ಲಿ 64.5 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ. ಹಲವು ಕಡೆ ಅನ್ನುವ ಮಾತು ಕೇಳಿದ ದಿನ ಕೀಳುವುದು ಬಿಡಿ. ಒಂದೆರಡು ಕಡೆ ಅಂದರೆ ಆಳು ಕರೆಯಿರಿ, ಟಾರ್ಪಾಲು ಇಟ್ಟುಕೊಳ್ಳಿ.

ಇನ್ನು ಯಾವ ದಿನದ್ದನ್ನು ಎಷ್ಟು ನಂಬಬೇಕು? ಇವತ್ತು, ನಾಳೆ, ನಾಡಿದ್ದಿನದು ನಂಬಿ ಕೆಲಸ ಮಾಡಬಹುದು. ನಾಲ್ಕು, ಐದನೇ ದಿನದ್ದು ಸುಳಿವು ಅಷ್ಟೇ. ಆರು, ಏಳನೇ ದಿನದ ಚಿತ್ರ ನೋಡಿ ಯಾವ ನಿರ್ಧಾರವನ್ನೂ ಮಾಡಬೇಡಿ. ಹೋದ ವರ್ಷ ನಿಮಗಾದದ್ದು ಇದೇ ಅನ್ನಿಸುತ್ತದೆ, ಐದನೇ ದಿನದ ಬಿಸಿಲನ್ನು ನಾಳೆಯ ಬಿಸಿಲಿನಷ್ಟೇ ಗಟ್ಟಿ ಅಂದುಕೊಂಡಿರಿ. ವಾರದ ಹವಾಮಾನವನ್ನು ದಿನಾ ಬೆಳಿಗ್ಗೆ ಹೊಸದಾಗಿ ನೋಡಬೇಕು, ಸೋಮವಾರ ಒಂದು ಸಲ ನೋಡಿ ಇಟ್ಟುಕೊಳ್ಳುವಂಥದ್ದಲ್ಲ.

ಈಗ ಮೋಡಕ್ಕೆ ಬರುತ್ತೇನೆ. ಶಾಲೆ ಪುಸ್ತಕದಲ್ಲಿ ನಾಲ್ಕು ಓದಿರುತ್ತೀರಿ, ಹಿಮಕಣ ಮೋಡ, ರಾಶಿ ಮೋಡ, ಪದರು ಮೋಡ, ರಾಶಿವೃಷ್ಟಿ ಮೋಡ. 1802ರಲ್ಲಿ ಲಂಡನ್ನಿನ ಲ್ಯೂಕ್ ಹೋವರ್ಡ್ ಅನ್ನುವವರು ಸಿರಸ್, ಕ್ಯುಮುಲಸ್, ಸ್ಟ್ರೇಟಸ್ ಅಂತ ಲ್ಯಾಟಿನ್ ಹೆಸರು ಇಟ್ಟರು. ಅವರ ಕಸುಬು ಔಷಧಿ ತಯಾರಿಕೆ, ಬಾನು ನೋಡುವುದು ಬರೀ ಪ್ರೀತಿಗೆ. ಈಗ ಪ್ರಪಂಚದಲ್ಲೆಲ್ಲ ಹತ್ತು ಮುಖ್ಯ ಜಾತಿ ಅಂತ ವಿಂಗಡಿಸುತ್ತಾರೆ. ನಿಮಗೆ ಹತ್ತೂ ಬೇಡ.

ಬೆಳಿಗ್ಗೆ ನೀವು ನೋಡುವ ಹಿಂಜಿದ ಹತ್ತಿ ಸಿರಸ್. ಆರೇಳು ಕಿಲೋಮೀಟರಿಗಿಂತ ಮೇಲೆ ಇರುತ್ತದೆ, ಪೂರ್ತಿ ಮಂಜಿನ ಹರಳು. ಅದರಿಂದ ಹನಿ ನೆಲಕ್ಕೆ ಬೀಳುವುದಿಲ್ಲ. ಚದುರಿದ ಗರಿಗಳ ಹಾಗಿದ್ದರೆ ಆರಾಮಾಗಿ ಕೀಳಿ. ಬಹಳ ಸಲ ಅದು ನಿನ್ನೆ ರಾತ್ರಿ ಬೇರೆಲ್ಲೋ ಸುರಿದು ಮುಗಿದ ಗುಡುಗಿನ ಮೋಡದ ತಲೆ, ಗಾಳಿಗೆ ತೇಲಿ ಬಂದಿರುತ್ತದೆ. ಆದರೆ ಒಂದು ಮಾತು. ಆ ಗರಿಗಳು ದಿನದಿಂದ ದಿನಕ್ಕೆ ಕೂಡಿಕೊಂಡು ಬಾನಿಗೆಲ್ಲ ತೆಳ್ಳನೆ ಪರದೆ ಎಳೆದ ಹಾಗಾದರೆ, ಸೂರ್ಯನ ಸುತ್ತ ಅಥವಾ ರಾತ್ರಿ ಚಂದ್ರನ ಸುತ್ತ ದೊಡ್ಡ ಬಳೆ ಕಂಡರೆ, ಆಗ ಎಚ್ಚರ. ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎದ್ದಿರಬಹುದು. ಮುಂದಿನ ದಿನಗಳಲ್ಲಿ ಪರದೆ ದಪ್ಪ ಆಗುತ್ತಾ, ತಗ್ಗುತ್ತಾ, ಸೂರ್ಯ ಮಸುಕು ಗಾಜಿನ ಹಿಂದೆ ಇಟ್ಟ ದೀಪದ ಹಾಗೆ ಕಾಣುತ್ತಾನೆ. ಅದರ ಹಿಂದೆ ಬರುವುದೇ ನಮ್ಮ ಜನ ಸೈಕ್ಲೋನ್ ಹಿಡಿದಿದೆ ಅನ್ನುವ ಜಡಿಮಳೆ. ಶೇಂಗಾ ಕೊಳೆಯಿಸುವುದು ಇದೇ. ಗುಡುಗಿನ ಮಳೆ ಒಂದು ಗಂಟೆ ಹೊಯ್ದು ಮಾರನೇ ದಿನ ಬಿಸಿಲು ಬಿಡುತ್ತದೆ, ಜಡಿಮಳೆ ಎರಡು ಮೂರು ದಿನ ಬಿಸಿಲನ್ನೇ ಬಿಡುವುದಿಲ್ಲ. 2021ರ ನವೆಂಬರ್ ನೆನಪಿದೆಯಲ್ವಾ, ರಾಗಿ ಹೊಲದಲ್ಲೇ ಮೊಳಕೆ ಬಂದಿತ್ತು. ಒಂದು ನೆಮ್ಮದಿ ಏನೆಂದರೆ, ಇಂಥ ದೊಡ್ಡ ವ್ಯವಸ್ಥೆಯನ್ನು ಕಂಪ್ಯೂಟರ್ ಮೂರ್ನಾಲ್ಕು ದಿನ ಮೊದಲೇ ಚೆನ್ನಾಗಿ ಹಿಡಿಯುತ್ತದೆ. ಇಲಾಖೆ ವಾಯುಭಾರ ಕುಸಿತ ಅಂದರೆ ಖಂಡಿತ ನಂಬಿ.

ಮಧ್ಯಾಹ್ನ ಏಳುವ ಬಿಳಿ ಗುಡ್ಡೆ ರಾಶಿ ಮೋಡ. ಇದನ್ನು ಗಡಿಯಾರ ಇಟ್ಟುಕೊಂಡು ನೋಡಬೇಕು. ಹನ್ನೊಂದೂವರೆ ಹನ್ನೆರಡಕ್ಕೆ ಎದ್ದು, ಅಗಲ ಜಾಸ್ತಿ ಎತ್ತರ ಕಡಿಮೆ ಇದ್ದು, ಎರಡು ಗಂಟೆಗೂ ಹಾಗೇ ಇದ್ದರೆ ಅದು ಒಳ್ಳೆ ಹವೆಯ ಮೋಡ, ಸಂಜೆಗೆ ಕರಗಿ ಹೋಗುತ್ತದೆ. ಬೆಳಿಗ್ಗೆ ಹತ್ತಕ್ಕೇ ಎದ್ದು, ಹನ್ನೆರಡರ ಹೊತ್ತಿಗೆ ಅಗಲಕ್ಕಿಂತ ಎತ್ತರ ಜಾಸ್ತಿ ಆಗಿ, ತುದಿ ಹೂಕೋಸಿನ ಹಾಗೆ ಉಕ್ಕುತ್ತಿದ್ದರೆ ಆವತ್ತು ಸಂಜೆ ಎಲ್ಲೋ ಒಂದು ಕಡೆ ಮಳೆ ಇದೆ. ಹತ್ತು ನಿಮಿಷ ಒಂದೇ ಮೋಡ ನೋಡಿ. ತುದಿ ಗಟ್ಟಿಯಾಗಿ, ಅಂಚು ಕತ್ತರಿಸಿದ ಹಾಗಿದ್ದರೆ ಇನ್ನೂ ಬೆಳೆಯುತ್ತಿದೆ. ಆ ತುದಿ ಮೆತ್ತಗಾಗಿ, ನಾರು ನಾರಾಗಿ, ಕಮ್ಮಾರನ ಅಡಿಗಲ್ಲಿನ ಹಾಗೆ ಮೇಲೆ ಚಪ್ಪಟೆ ಹರಡಿತು ಅಂದರೆ ಅದು ರಾಶಿವೃಷ್ಟಿ ಮೋಡ, ಕ್ಯುಮುಲೊನಿಂಬಸ್. ನಮ್ಮ ಸೀಮೆಯಲ್ಲಿ ಹದಿನೈದು ಕಿಲೋಮೀಟರು ಎತ್ತರಕ್ಕೂ ಹೋಗುತ್ತದೆ. ಅಷ್ಟು ದೊಡ್ಡದಾದ್ದರಿಂದಲೇ ನೂರು ಕಿಲೋಮೀಟರು ಆಚೆ ಇದ್ದರೂ ಪಕ್ಕದೂರಲ್ಲಿ ಇದ್ದ ಹಾಗೆ ಕಾಣುತ್ತದೆ. ನಿಮಗೆ ಮೂಡಲಲ್ಲಿ ಕಾಣುವುದು ಕಲ್ಯಾಣದುರ್ಗದ ಆಚೆಯದ್ದೂ ಇರಬಹುದು.

ತಣ್ಣನೆ ಗಾಳಿ ಬೀಸಿ ಹನಿ ಬೀಳದೆ ಹೋಗುವುದಕ್ಕೂ ಕಾರಣ ಇದೆ. ಎಲ್ಲೋ ಹತ್ತಿರದಲ್ಲಿ ಮಳೆ ಸುರಿಯುತ್ತಿದೆ. ಸುರಿಯುವ ಮಳೆ ಜೊತೆಗೆ ತಂಪು ಗಾಳಿಯೂ ದಬದಬ ಕೆಳಗಿಳಿದು, ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ಮಣ್ಣಿನ ವಾಸನೆ ಹೊತ್ತು ತರುವುದು ಅದೇ ಗಾಳಿ. ಮಳೆ ಅಲ್ಲೇ ಮುಗಿದರೂ ಗಾಳಿ ಮಾತ್ರ ಹತ್ತಾರು ಕಿಲೋಮೀಟರು ಬರಬಹುದು. ಒಮ್ಮೊಮ್ಮೆ ಮೋಡದ ಹೊಟ್ಟೆಯಿಂದ ಬೂದು ಬಣ್ಣದ ಎಳೆ ಜೋತುಬಿದ್ದು ನೆಲ ಮುಟ್ಟದೆ ಮಧ್ಯದಲ್ಲೇ ಮಾಯ ಆಗುತ್ತದೆ, ನೋಡಿದ್ದೀರಾ? ಅದು ಮಳೆಯೇ. ಕೆಳಗಿನ ಗಾಳಿ ಒಣಗಿರುವುದರಿಂದ ದಾರಿಯಲ್ಲೇ ಆವಿ ಆಗುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಇದು ಜಾಸ್ತಿ ಕಾಣುತ್ತದೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆಯ ತಾಲ್ಲೂಕುಗಳ ಪಟ್ಟಿಯಲ್ಲಿ ನಿಮ್ಮದು ಯಾವಾಗಲೂ ಇರುತ್ತದಲ್ಲ.

ನಿಮ್ಮ ತಂದೆಯವರು ಬದುವಿನ ಮೇಲೆ ನಿಂತು ನೋಡುತ್ತಿದ್ದದ್ದು ಬಹುಶಃ ಇದನ್ನೇ. ಗುಡ್ಡೆ ಎಷ್ಟು ಗಂಟೆಗೆ ಎದ್ದಿದೆ, ಎತ್ತರ ಹೋಗುತ್ತಿದೆಯಾ, ಮೇಲಿನ ಗಾಳಿ ಅದನ್ನು ಯಾವ ಕಡೆ ತಳ್ಳುತ್ತಿದೆ. ಒಂದು ಕಂಬದ ತುದಿಗೋ ತೆಂಗಿನ ತಲೆಗೋ ಮೋಡವನ್ನು ಹೊಂದಿಸಿ ಐದು ನಿಮಿಷ ನಿಂತರೆ ಯಾವ ಕಡೆ ಹೋಗುತ್ತಿದೆ ಅಂತ ತಿಳಿಯುತ್ತದೆ. ಎಡಕ್ಕೋ ಬಲಕ್ಕೋ ಸರಿಯುತ್ತಿದ್ದರೆ ನಿಮ್ಮನ್ನು ದಾಟಿ ಹೋಗುತ್ತದೆ. ಎಲ್ಲೂ ಸರಿಯದೆ ಇದ್ದಲ್ಲೇ ದೊಡ್ಡದಾಗುತ್ತಿದ್ದರೆ ನೇರ ನಿಮ್ಮ ಕಡೆಯೇ ಬರುತ್ತಿದೆ.

ಮೊಳಕಾಲ್ಮೂರು_ಬೆಂಗಳೂರು:

ಮೇಷ್ಟ್ರೇ, ಇದನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ್ದೇನೆ, ಬೇಜಾರಿಲ್ಲ ತಾನೇ.

ಪ್ರಶ್ನೆ ಕೇಳಿದವರಿಗೆ ಒಂದು ಸೇರಿಸುತ್ತೇನೆ. ಬೆಂಗಳೂರಿನ ಯಲಹಂಕದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇದೆ. 1988ರಲ್ಲಿ ಬರ ನೋಡಿಕೊಳ್ಳಲು ಅಂತ ಶುರುವಾದದ್ದು. ಈಗ ಪ್ರತಿ ಗ್ರಾಮ ಪಂಚಾಯಿತಿಗೂ ಒಂದು ತಾನಾಗಿ ಲೆಕ್ಕ ಕಳಿಸುವ ಮಳೆಮಾಪಕ ಇಟ್ಟಿದ್ದಾರೆ, ಹೋಬಳಿಗೆ ಒಂದು ಹವಾಮಾನ ಕೇಂದ್ರ. ಅವರ ವರುಣ ಮಿತ್ರ ಸಹಾಯವಾಣಿಗೆ ರಾತ್ರಿ ಹಗಲು ಯಾವಾಗ ಬೇಕಾದರೂ ಫೋನ್ ಮಾಡಿ ನಿಮ್ಮ ಹೋಬಳಿ ಹೆಸರು ಹೇಳಿದರೆ ಕನ್ನಡದಲ್ಲೇ ಹೇಳುತ್ತಾರೆ. ಹವಾಮಾನ ಇಲಾಖೆಯ ಮೇಘದೂತ್ ಆಪಿನಲ್ಲಿ ಜಿಲ್ಲೆಗೆ ತಕ್ಕ ಬೆಳೆ ಸಲಹೆ ಮಂಗಳವಾರ, ಶುಕ್ರವಾರ ಬರುತ್ತದೆ. ಗುಡುಗಿನ ಮಳೆಗೆ ಅವರೇ ಕೊಡುವ ಮೂರು ಗಂಟೆಯ ಮುನ್ಸೂಚನೆ ನೋಡಿ, ಅದು ರೇಡಾರು, ಉಪಗ್ರಹದ ಚಿತ್ರದಲ್ಲಿ ಆಗಲೇ ಎದ್ದಿರುವ ಮೋಡ ನೋಡಿ ಹೇಳುವುದು, ವಾರದ ಲೆಕ್ಕಕ್ಕಿಂತ ಗಟ್ಟಿ.

ಮಳೆ ಲೆಕ್ಕ ನೋಡುವಾಗ ಒಂದು ಗೊಂದಲ ಆಗುತ್ತದೆ. ಇಲಾಖೆಯ ದಿನ ಬೆಳಿಗ್ಗೆ ಎಂಟೂವರೆಯಿಂದ ಮಾರನೇ ದಿನ ಎಂಟೂವರೆಗೆ. ಮಂಗಳವಾರ ಸಂಜೆ ಹೊಯ್ದದ್ದು ಬುಧವಾರದ ಲೆಕ್ಕದಲ್ಲಿ ಬರುತ್ತದೆ.

ನನ್ನದೂ ಒಂದು ಪ್ರಶ್ನೆ. ಜುಲೈನಲ್ಲಿ ಊರಿಗೆ ಹೋದಾಗಲೆಲ್ಲ ಪಡುವಲಿಂದ ಮೋಡ ಓಡೋಡಿ ಬರುತ್ತಿರುತ್ತದೆ, ದಿನವಿಡೀ ಬಿಸಿಲೇ ಕಾಣುವುದಿಲ್ಲ, ಆದರೂ ಮಳೆ ಇಲ್ಲ. ಅಷ್ಟು ಮೋಡ ಇದ್ದೂ ಯಾಕೆ ಬರಲ್ಲ?

ಅಜ್ಜನ_ಲೆಕ್ಕ:

ಎಲ್ಲರೂ ಆಪು, ರೇಡಾರು ಅಂತ ಬರೆದಿದ್ದೀರಿ, ಒಳ್ಳೆಯದೇ. ಮಳೆ ನಕ್ಷತ್ರದ ಮಾತನ್ನು ಯಾರೂ ಎತ್ತಲಿಲ್ಲ. ಈಗ ಚಿತ್ತಾ ಮಳೆ ನಡೆಯುತ್ತಿದೆ, 24ಕ್ಕೆ ಸ್ವಾತಿ ಹುಟ್ಟುತ್ತದೆ. ಶೇಂಗಾ ಕೀಳುವವರು ಚಿತ್ತಾ ಮಳೆಗೆ ಹೆದರಬೇಕು ಅಂತ ನಮ್ಮಜ್ಜ ಹೇಳುತ್ತಿದ್ದರು, ಅದು ಎಲ್ಲಿ ಹೊಯ್ಯುತ್ತದೆ ಅಂತ ಹೇಳಲು ಬರಲ್ಲ, ಹೊಲದ ಒಂದು ಬದು ನೆನೆದು ಇನ್ನೊಂದು ಬದು ಒಣಗಿರುತ್ತದೆ ಅನ್ನುತ್ತಿದ್ದರು. ಮೇಷ್ಟ್ರು ಅಷ್ಟುದ್ದ ಬರೆದದ್ದೂ ಅದೇ ಅಲ್ವಾ? ಹಳಬರ ಲೆಕ್ಕವನ್ನು ಮೂಢನಂಬಿಕೆ ಅಂತ ತಳ್ಳುವವರನ್ನು ಕಂಡರೆ ನನಗೆ ನೋವಾಗುತ್ತದೆ.

ಬಾನು_ನೋಡುವ_ಮೇಷ್ಟ್ರು:

ಅಜ್ಜನ ಲೆಕ್ಕದವರೇ, ನಾನು ತಳ್ಳುವವನಲ್ಲ. ಮಳೆ ನಕ್ಷತ್ರ ಅನ್ನುವುದು ಸೂರ್ಯ ಯಾವ ನಕ್ಷತ್ರದಲ್ಲಿ ಇದ್ದಾನೆ ಅನ್ನುವ ಲೆಕ್ಕ. ವರ್ಷವನ್ನು ಇಪ್ಪತ್ತೇಳು ಭಾಗ ಮಾಡಿದರೆ ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಚಂದ್ರನ ತಿಥಿಯ ಹಾಗೆ ಹಿಂದೆ ಮುಂದೆ ಜಾರುವುದಿಲ್ಲ, ಪ್ರತಿ ವರ್ಷ ಹೆಚ್ಚು ಕಡಿಮೆ ಅದೇ ತಾರೀಖು. ಮಳೆಗಾಲ ಸೂರ್ಯನಿಂದ ಆಗುವುದು, ಹಾಗಾಗಿ ಈ ಪಂಚಾಂಗ ಬೇಸಾಯಕ್ಕೆ ಚೆನ್ನಾಗಿ ಹೊಂದುತ್ತದೆ. ನೂರಾರು ವರ್ಷ ನೋಡಿ ಈ ಹದಿನಾಲ್ಕು ದಿನದ ಸ್ವಭಾವ ಇಂಥದ್ದು ಅಂತ ಹೆಸರು ಕೊಟ್ಟಿದ್ದಾರೆ. ಈ ಬುಧವಾರ ಬರುತ್ತದಾ ಅಂತ ಮಾತ್ರ ಅದು ಹೇಳಲಾರದು. ಸ್ವಭಾವಕ್ಕೆ ಅಜ್ಜನ ಲೆಕ್ಕ, ನಾಳೆ ನಾಡಿದ್ದಿಗೆ ಇಲಾಖೆ, ಇವತ್ತು ಸಂಜೆಗೆ ನಿಮ್ಮ ಕಣ್ಣು. ನಾನು ಮೂರನ್ನೂ ಬಳಸುತ್ತೇನೆ.

ಮೊಳಕಾಲ್ಮೂರಿನವರಿಗೆ: ಜುಲೈನಲ್ಲಿ ಓಡುವುದು ತೆಳ್ಳನೆಯ ಪದರು ರಾಶಿ ಮೋಡ, ಸ್ಟ್ರೇಟೊಕ್ಯುಮುಲಸ್. ಅರಬ್ಬಿ ಸಮುದ್ರದಿಂದ ಬಂದ ಗಾಳಿ ಪಶ್ಚಿಮ ಘಟ್ಟ ಹತ್ತುವಾಗ ನೀರನ್ನೆಲ್ಲ ಅಲ್ಲೇ ಸುರಿಸಿಬಿಡುತ್ತದೆ. ಆಗುಂಬೆಗೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಬೀಳುವುದು ಹಾಗೆ. ಘಟ್ಟ ಇಳಿದ ಗಾಳಿ ಇಳಿಯುತ್ತಾ ಬಿಸಿಯಾಗುತ್ತದೆ, ಮೋಡ ಮೇಲಕ್ಕೆ ಬೆಳೆಯಲು ಬಿಡುವುದಿಲ್ಲ. ಎತ್ತರ ಇಲ್ಲದ ಮೋಡದಲ್ಲಿ ಹನಿ ದೊಡ್ಡದಾಗುವುದಿಲ್ಲ. ಜಾಸ್ತಿ ಅಂದರೆ ತುಂತುರು. ಅದಕ್ಕೇ ನಮ್ಮ ಬಯಲುಸೀಮೆಗೆ ಗಾಳಿ ಜೋರಾಗಿರುವ ಜುಲೈಗಿಂತ ಗಾಳಿ ಸತ್ತ ಸೆಪ್ಟೆಂಬರು, ಅಕ್ಟೋಬರೇ ಮಳೆ ತಿಂಗಳು.

ಮೋಡ ಎತ್ತರದ್ದಾ ತಗ್ಗಿನದ್ದಾ ಅಂತ ತಿಳಿಯಲು ಮಕ್ಕಳಿಗೆ ಹೇಳಿಕೊಡುವ ಒಂದು ಉಪಾಯ ಇದೆ. ಬಾನಿನಲ್ಲಿ ಮೀನಿನ ಮೈಮೇಲಿನ ಹುರುಪೆಯ ಹಾಗೆ ಸಣ್ಣ ಸಣ್ಣ ತುಂಡು ಮೋಡ ಕಂಡರೆ ಕೈ ಪೂರ್ತಿ ಚಾಚಿ ಬೆರಳು ಹಿಡಿಯಿರಿ. ತಲೆಯ ಮೇಲಿನ ಕಡೆ ನೋಡಿ, ದಿಗಂತದ ಹತ್ತಿರದ್ದು ಬೇಡ. ಒಂದೊಂದು ತುಂಡು ಕಿರುಬೆರಳಿಗಿಂತ ಚಿಕ್ಕದಾದರೆ ತುಂಬಾ ಮೇಲಿನದು. ಒಂದರಿಂದ ಮೂರು ಬೆರಳ ಅಗಲ ಇದ್ದರೆ ನಡುವಿನ ಎತ್ತರದ್ದು. ಮೂರು ಬೆರಳಿಗೂ ಮೀರಿದರೆ ಎರಡು ಕಿಲೋಮೀಟರಿನ ಒಳಗಿನ ತಗ್ಗಿನ ಮೋಡ. ನಡುವಿನ ಎತ್ತರದ ತುಂಡುಗಳು ಬೆಳಿಗ್ಗೆಯೇ ಕೋಟೆ ತೆನೆಯ ಹಾಗೆ ಸಣ್ಣ ಬುರುಜು ಎಬ್ಬಿಸಿದ್ದರೆ ಆವತ್ತು ಮಧ್ಯಾಹ್ನದ ಮೇಲೆ ಗುಡುಗು ಬರುವ ಸಾಧ್ಯತೆ ಜಾಸ್ತಿ. ಚಿತ್ರದುರ್ಗದವರಿಗೆ ಆ ಆಕಾರ ಬೇರೆ ಹೇಳಿಕೊಡಬೇಕಾಗಿಲ್ಲ.

ಮಿಂಚಿನ ಮಾತು ಮರೆತಿದ್ದೆ, ಇದು ಎಲ್ಲಕ್ಕಿಂತ ಮುಖ್ಯ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಮೂರು ಎಣಿಕೆಗೆ ಒಂದು ಕಿಲೋಮೀಟರು. ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ಹೊಲದಲ್ಲಿ ಯಾರೂ ಇರಬಾರದು, ಆಳುಗಳನ್ನು ಮನೆಗೆ ಕಳಿಸಿ. ಬಯಲಿನ ಒಂಟಿ ಮರದ ಕೆಳಗೆ ನಿಲ್ಲಲೇಬೇಡಿ. ಕೊನೆ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಬರಬೇಡಿ. ಟಾರ್ಪಾಲು ಹೊದಿಸಲು ಕೊನೆ ಗಳಿಗೆಯಲ್ಲಿ ಓಡುವುದೇ ಅಪಾಯ, ಗುಡ್ಡೆಯ ತಲೆ ಚಪ್ಪಟೆ ಆದಾಗಲೇ ಹೊದಿಸಿಬಿಡಿ.

ಪರಶುರಾಂಪುರ_ಹೊಲ:

ಮೇಷ್ಟ್ರೇ, ಅಕ್ಕಾ, ಎಲ್ಲರಿಗೂ ಕೈ ಮುಗಿಯುತ್ತೇನೆ. ಎರಡು ಸಲ ಓದಿದೆ, ಮನೆಯವರಿಗೂ ಓದಿ ಹೇಳಿದೆ. ಕಂಬಕ್ಕೆ ಮೋಡ ಹೊಂದಿಸಿ ನೋಡುವುದು ಓದಿದಾಗ ಎದೆ ತುಂಬಿ ಬಂತು. ನಮ್ಮಪ್ಪ ಯಾವಾಗಲೂ ಬದುವಿನ ಬೇವಿನ ಮರಕ್ಕೆ ಒರಗಿ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು, ನಾವು ಬಿಸಿಲಿಗೆ ಕಣ್ಣು ಮುಚ್ಚಿದ್ದಾರೆ ಅಂದುಕೊಂಡಿದ್ದೆವು.

ಇವತ್ತು ಮಂಗಳವಾರ ಒಂದೂಕಾಲು ಎಕರೆ ಕಿತ್ತೆವು. ಹನ್ನೊಂದೂವರೆಗೆ ಗುಡ್ಡೆ ಎದ್ದವು, ಮೂರು ಗಂಟೆಯವರೆಗೂ ಚಪ್ಪಟೆಯಾಗೇ ಇದ್ದವು, ಐದಕ್ಕೆ ಒಂದೂ ಇರಲಿಲ್ಲ. ನಾಳೆ, ನಾಡಿದ್ದು ಎರಡೂ ಆಪಿನಲ್ಲಿ ಮಳೆ ಇದೆ. ವರುಣ ಮಿತ್ರಕ್ಕೂ ಕೇಳಿದೆ, ನಾಳೆ ಹಗುರ, ಗುರುವಾರ ಸಾಧಾರಣ ಮಳೆ ಸಾಧ್ಯತೆ ಅಂದರು. ನಾಳೆ ಕೀಳುವುದಿಲ್ಲ, ಇವತ್ತಿನದನ್ನು ತಿರುಗಿಸಿ ಇಡುತ್ತೇವೆ.

ಪರಶುರಾಂಪುರ_ಹೊಲ:

ಗುರುವಾರ ರಾತ್ರಿ ಬರೆಯುತ್ತಿದ್ದೇನೆ. ನಿನ್ನೆ ಏನೂ ಬರಲಿಲ್ಲ. ಇವತ್ತು ಹತ್ತೂಕಾಲಿಗೇ ಹೂಕೋಸು ಎದ್ದಿತು. ಒಂದು ಗಂಟೆಗೆ ಮೂಡಲ ಕಡೆಯದು ಎತ್ತರ ಹೋಗಿ ತಲೆ ಹರಡಿತು. ಬೇವಿನ ಮರಕ್ಕೆ ಹೊಂದಿಸಿ ನಿಂತೆ, ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ತಡ ಮಾಡದೆ ಮಂಗಳವಾರ ಕಿತ್ತ ಬಳ್ಳಿಯನ್ನು ಗುಡ್ಡೆ ಹಾಕಿಸಿ, ಕಾಯಿ ಒಳಗೆ ಬರುವ ಹಾಗೆ ಒಟ್ಟಿ, ಟಾರ್ಪಾಲು ಹೊದಿಸಿ ಅಂಚಿಗೆ ಕಲ್ಲು ಹೇರಿದೆವು. ಎರಡೂವರೆಗೆ ಎಲ್ಲರನ್ನೂ ಮನೆಗೆ ಕಳಿಸಿದೆ. ಮೂರಕ್ಕೆ ಗಾಳಿ, ಮೂರೂಕಾಲಿಗೆ ಮಳೆ. ಮುಕ್ಕಾಲು ಗಂಟೆ ಚೆನ್ನಾಗಿ ಹೊಯ್ದಿತು. ಎರಡು ಊರು ಆಚೆ ತಮ್ಮನ ಹೊಲದಲ್ಲಿ ಧೂಳು ಕೂಡ ಅಡಗಿಲ್ಲ ಅಂತ ಫೋನ್ ಮಾಡಿದ್ದ.

ಅಕ್ಕಾ, ಒಂದು ಕೇಳಬೇಕು. ಟಾರ್ಪಾಲು ಯಾವಾಗ ತೆಗೆಯಲಿ? ಒಳಗೆ ಬೆಚ್ಚಗೆ ಅನ್ನಿಸುತ್ತಿದೆ.

ತೋಟದಮನೆ_ಹಿರಿಯೂರು:

ಬೆಚ್ಚಗಾಗಿದ್ದರೆ ರಾತ್ರಿಯೇ ಒಂದು ಪಕ್ಕ ಎತ್ತಿ ಗಾಳಿ ಆಡಲು ಬಿಡಿ ತಮ್ಮಾ. ಬೆಳಿಗ್ಗೆ ಬಿಸಿಲು ಬಿದ್ದ ತಕ್ಷಣ ಪೂರ್ತಿ ತೆಗೆದು, ನೆನೆದ ನೆಲದ ಮೇಲೆ ಹಾಕದೆ ಕಣಕ್ಕೆ ಸಾಗಿಸಿ ತೆಳ್ಳಗೆ ಹರಡಿ. ಉಳಿದದ್ದನ್ನು ಶನಿವಾರ ಕೀಳಬಹುದು, ಈಗ ಹದ ಸಿಕ್ಕಿರುತ್ತದೆ, ಕಾಯಿ ನೆಲದಲ್ಲಿ ಉಳಿಯುವುದಿಲ್ಲ. ಚೀಲಕ್ಕೆ ತುಂಬುವ ಮುಂಚೆ ಒಂದು ಹಿಡಿ ಕಾಯಿ ಕಿವಿ ಹತ್ತಿರ ಅಲ್ಲಾಡಿಸಿ ನೋಡಿ, ಗಲಗಲ ಅನ್ನಬೇಕು. ಬೀಜ ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಸಲೀಸಾಗಿ ಬಿಡಬೇಕು. ಅಲ್ಲಿಯವರೆಗೆ ಮಂಡಿಗೆ ಒಯ್ಯಬೇಡಿ, ಹಸಿ ಇದೆ ಅಂತ ರೇಟು ಮುರಿಯುತ್ತಾರೆ.

ಪರಶುರಾಂಪುರ_ಹೊಲ:

ಶನಿವಾರ ಬೆಳಿಗ್ಗೆ. ಒಂದು ಪಕ್ಕ ಎತ್ತಿದ್ದು ಒಳ್ಳೆಯದಾಯಿತು, ಬೂಸ್ಟು ಬಂದಿಲ್ಲ. ಕಣದಲ್ಲಿ ಹರಡಿದ್ದೇವೆ. ಇವತ್ತು ಹದಿನಾಲ್ಕು ಆಳು ಬಂದಿದ್ದಾರೆ, ಒಂದೂವರೆ ಎಕರೆ ಮುಗಿಸುತ್ತೇವೆ, ಗಿಡ ಸುಮ್ನೆ ಎಳೆದರೆ ಬರುತ್ತಿದೆ. ಇಲಾಖೆಯವರು ಇವತ್ತು, ನಾಳೆ ಒಣ ಹವೆ ಅಂತ ಹೇಳಿದ್ದಾರೆ. ಮೇಲೆ ಮೀನಿನ ಹುರುಪೆಯಂಥ ಮೋಡ ಇದೆ. ಮಗಳು ಐದನೇ ಕ್ಲಾಸು, ಕೈ ಚಾಚಿ ಅಳೆದು ಕಿರುಬೆರಳಿಗಿಂತ ಚಿಕ್ಕದು ಅಪ್ಪಾ, ಬುರುಜೂ ಇಲ್ಲ ಅಂದಳು. ಉಳಿದ ಒಂದೂಕಾಲು ಎಕರೆಗೆ ಸೋಮವಾರದ ಆಳು ಹೇಳಿದ್ದೇನೆ, ಭಾನುವಾರ ರಾತ್ರಿ ಮತ್ತೊಮ್ಮೆ ನೋಡಿ ಖಾತ್ರಿ ಮಾಡುತ್ತೇನೆ.